ಅಳತೆ ಹೇಳದ ಅಕ್ಕ

ರವಿಕೆ ಹೊಲಿಸಲು ಹೋದವರ ಅಳತೆ ತೆಗೆಯುವಾಗ ಟೈಲರ್ ಅಂಗಡಿಯಲ್ಲಿ ಒಬ್ಬರು ಟೇಪು ಹಿಡಿಯುತ್ತಾರೆ, ಇನ್ನೊಬ್ಬರು ಮೆಷಿನ್ ಹಿಂದೆ ಕುಳಿತು ಬರೆದುಕೊಳ್ಳುತ್ತಾರೆ. ಟೇಪು ಹಿಡಿದವರು ಸಂಖ್ಯೆಯನ್ನು ಕೂಗಿ ಹೇಳಬೇಕು. ಸಪೂರ ಇರುವವರಿಗೆ ಇದೊಂದು ವಿಷಯವೇ ಅಲ್ಲ. ನಾನು ಚಿಕ್ಕಂದಿನಿಂದಲೂ ದಪ್ಪ, ನಮ್ಮ ಕಡೆಯ ಮಾತಿನಲ್ಲಿ ತೋರದವಳು. ಬಂಟ್ವಾಳದಲ್ಲಿ ಪಿಯುಸಿ ಓದುತ್ತಿದ್ದಾಗ ಒಮ್ಮೆ ನನ್ನ ಸಂಖ್ಯೆ ಕೇಳಿದ ಬರೆಯುವವನು ತಲೆಯೆತ್ತಿ "ಎಷ್ಟು?" ಎಂದು ಮತ್ತೆ ಕೇಳಿದ. ಟೇಪಿನವನು ಇನ್ನೂ ಜೋರಾಗಿ ಹೇಳಿದ. ಬೆಂಚಿನ ಮೇಲೆ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಕುಳಿತಿದ್ದರು. ಆಮೇಲೆ ಎಷ್ಟೋ ವರ್ಷ ನಾನು ಅಳತೆ ಕೊಡಲು ಹೋಗಲೇ ಇಲ್ಲ. ಹಳೆಯ ರವಿಕೆಯೊಂದನ್ನು ಅಮ್ಮನ ಕೈಯಲ್ಲಿ ಕಳುಹಿಸುತ್ತಿದ್ದೆ.

ಮಿಜಾರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿ ಮೂಡುಬಿದಿರೆಯಲ್ಲಿ ಮನೆ ಮಾಡಿದ ಮೇಲೆ ನನಗೆ ಈ ಅಕ್ಕ ಸಿಕ್ಕಿದರು. ಪಾತ್ರೆ ಅಂಗಡಿಯ ಮಹಡಿಯಲ್ಲಿ ಅವರ ಒಂದೇ ಕೋಣೆಯ ಅಂಗಡಿ. ಎರಡು ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲೊಂದು ಪರದೆ. ಅವರೂ ತೋರವೇ, ನನಗಿಂತ ಒಂದು ಕೈ ಹೆಚ್ಚು. ಪರದೆಯ ಒಳಗೆ ಕರೆದು ಟೇಪು ಸುತ್ತಿದರು. ನಾನು ಕಣ್ಣು ಮುಚ್ಚಿಕೊಂಡು ಆ ಕೂಗಿಗೆ ಕಾದೆ. ಕೂಗು ಬರಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಮೇಜಿನ ಹತ್ತಿರ ಹೋಗಿ ಅವರೇ ಬರೆದುಕೊಂಡರು. ಮತ್ತೆ ಬಂದು ತೋಳು ಅಳೆದರು, ಮತ್ತೆ ಹೋಗಿ ಬರೆದರು. ಒಂದು ರವಿಕೆಗೆ ಏಳೆಂಟು ಸಲ ಹೀಗೆ ಓಡಾಟ, ಅದೂ ನೋಯುವ ಮೊಣಕಾಲು ಇಟ್ಟುಕೊಂಡು.

"ನೀವು ಹೇಳಿದರೆ ನಾನೇ ಬರೆಯುತ್ತಿದ್ದೆನಲ್ಲ," ಎಂದೆ.

"ಬೇಡ ಮಾರಾಯ್ರೆ. ಅದು ನನಗೂ ಟೇಪಿಗೂ ಗೊತ್ತಿದ್ರೆ ಸಾಕು," ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನೊಬ್ಬಳನ್ನು ನಂಬಿ ಅವರು ಹೇಳಿದ ಒಂದು ಮಾತನ್ನು ನಾನು ಊರಿಗೆ ಹಂಚಿದವಳು. ಅದರಿಂದ ಏನಾಯಿತು ಎನ್ನುವುದನ್ನು ಅವರ ಮಗಳಿಗೆ ಹೇಳಬೇಕಿತ್ತು. ಅವರು ತೀರಿಹೋಗಿ ಒಂದು ವರ್ಷವಾದರೂ ನನ್ನ ಬಾಯಿ ತೆರೆದಿರಲಿಲ್ಲ. ಬೇರೆಯವರ ಗುಟ್ಟು ಹೇಳಲು ಒಂದು ಗಳಿಗೆ ಸಾಕಾಯಿತು, ನನ್ನದನ್ನು ಹೇಳಲು ಒಂದು ವರ್ಷ ಬೇಕಾಯಿತು.

ಮೂಡುಬಿದಿರೆಯ ತೋರದ ಹೆಂಗಸರೆಲ್ಲ ಅವರ ಗಿರಾಕಿಗಳು. ಯಾರೂ ಹೇಳಿಕೊಂಡು ಬಂದವರಲ್ಲ, ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬಂದವರು. ಬೇರೆ ಟೈಲರುಗಳು "ಬಟ್ಟೆ ಸಾಕಾಗುದಿಲ್ಲ" ಎನ್ನುವ ಕಡೆ ಇವರು ಸೀರೆಯ ಅಂಚಿನಿಂದಲೋ ಎಲ್ಲಿಂದಲೋ ಒಂದು ತುಂಡು ಸೇರಿಸಿ ಮುಗಿಸುತ್ತಿದ್ದರು. ರವಿಕೆಯ ಎರಡೂ ಪಕ್ಕಗಳಲ್ಲಿ ಒಳಗಡೆ ಎರಡೆರಡು ಇಂಚು ಬಟ್ಟೆ ಬಿಟ್ಟೇ ಹೊಲಿಯುವುದು ಅವರ ಕ್ರಮ. ಆಮೇಲೆ ಬಿಗಿಯಾದರೆ ಹೊಲಿಗೆ ಬಿಚ್ಚಿದರಾಯಿತು. ಮದುವೆ ಸೀಸನ್ನಿಗೆ ರವಿಕೆ ಒಯ್ಯುವ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದರು: "ಒಳಗೆ ಬಿಟ್ಟಿದ್ದೇನೆ. ಹೆದರ್ಬೇಡಿ, ಹೊಟ್ಟೆ ತುಂಬ ಊಟ ಮಾಡಿ."

ಅವರು ಉಣ್ಣುವುದನ್ನು ನೋಡುವುದೇ ಒಂದು ಸುಖವಾಗಿತ್ತು. ಶನಿವಾರ ನನಗೆ ಅರ್ಧ ದಿನ. ಬಸ್ಸಿಳಿದು ಕೆಳಗಿನ ಹೋಟೆಲಿನಿಂದ ಬಾಳೆಹಣ್ಣು ಕಲಸಿ ಕರಿದ ಬನ್ಸ್ ಕಟ್ಟಿಸಿಕೊಂಡು ಮಹಡಿ ಹತ್ತುತ್ತಿದ್ದೆ. ಅವರು ಶಟರನ್ನು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಪೇಪರು ಹಾಸಿ, ಚಟ್ನಿಯ ಕಟ್ಟನ್ನು ಹಲ್ಲಿನಲ್ಲೇ ಬಿಚ್ಚುತ್ತಿದ್ದರು. ಮೊದಲ ತುತ್ತನ್ನು ನಿಧಾನಕ್ಕೆ ಅಗಿದು ನುಂಗುತ್ತಿದ್ದರು. ಆಮೇಲೆ, "ಇವತ್ತು ಬಾಳೆಹಣ್ಣು ಚೂರು ಜಾಸ್ತಿ ಹಾಕಿದ್ದಾನೆ. ಒಳ್ಳೆಯದಾಯ್ತು." ಮಸ್ಕತ್ತಿನ ಹೋಟೆಲೊಂದರಲ್ಲಿ ಅಡುಗೆಗಿದ್ದ ಗಂಡನಿಗೆ ಫೋನು ಮಾಡಿದಾಗಲೂ ಅವರು ಮೊದಲು ಕೇಳುತ್ತಿದ್ದುದು, ಇವತ್ತು ಎಂತ ಮಾಡಿದ್ರಿ, ಅದಕ್ಕೆ ಎಂತ ಹಾಕಿದ್ರಿ ಎಂದು. ತೋರದವರು ನಾಲ್ಕು ಜನರೆದುರು ತಿನ್ನುವುದೇ ತಪ್ಪೆನ್ನುವ ಹಾಗೆ ಬೆಳೆದವಳು ನಾನು. ಆ ಮೇಜಿನ ಮುಂದೆ ಮಾತ್ರ ಲೆಕ್ಕವಿಲ್ಲದೆ ತಿನ್ನುತ್ತಿದ್ದೆ.

ಅಂಥ ಒಂದು ಶನಿವಾರವೇ ಅವರು ಹೇಳಿದ್ದು. ಬನ್ಸ್ ಮುಗಿದಿತ್ತು. ಪೇಪರನ್ನು ಮಡಚುತ್ತಾ, ನನ್ನ ಮುಖ ನೋಡದೆ ಹೇಳಿದರು.

"ನಾನು ಆಪರೇಶನ್ ಮಾಡಿಸ್ತೇನೆ ಮಾರಾಯ್ರೆ. ಹೊಟ್ಟೆಯದ್ದು. ಸಪೂರ ಆಗ್ಲಿಕ್ಕೆ."

ಸಕ್ಕರೆ ಕಾಯಿಲೆ ಇನ್ಸುಲಿನ್‌ವರೆಗೆ ಬಂದಿತ್ತು. ಮಹಡಿ ಹತ್ತುವಾಗ ಎರಡು ಕಡೆ ನಿಲ್ಲಬೇಕಿತ್ತು. ಮಂಗಳೂರಿನ ಡಾಕ್ಟರು ಚಿತ್ರ ಬರೆದು ತೋರಿಸಿದ್ದರಂತೆ. ಜಠರವನ್ನು ಒಂದು ಮೊಟ್ಟೆಯಷ್ಟಕ್ಕೆ ಇಳಿಸಿ, ಕರುಳನ್ನು ಬೇರೆ ದಾರಿಯಲ್ಲಿ ತಂದು ಜೋಡಿಸುತ್ತಾರಂತೆ. ಅವರು ಅದನ್ನು ಟೈಲರಿನ ಭಾಷೆಯಲ್ಲೇ ನನಗೆ ವಿವರಿಸಿದರು, ಎಲ್ಲಿ ಕತ್ತರಿಸುವುದು, ಎಲ್ಲಿ ಹೊಲಿಯುವುದು ಎಂದು. ಮಗಳ ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

"ಊರಿಗೆ ಗರ್ಭಕೋಶದ್ದು ಅಂತ ಹೇಳ್ತೇನೆ. ಅದಕ್ಕಾದ್ರೆ ಯಾರೂ ಎರಡನೇ ಪ್ರಶ್ನೆ ಕೇಳುದಿಲ್ಲ. ಇದನ್ನು ಹೇಳಿದ್ರೆ, ತಿಂದು ತಿಂದು ಬೆಳೆಸಿದಳು, ಬಾಯಿ ಕಟ್ಲಿಕ್ಕೆ ಆಗದೆ ಹೊಟ್ಟೆ ಕೊಯ್ಸಿಕೊಂಡಳು ಅಂತಾರೆ. ಮನೆಯವರು ಬಿಟ್ರೆ ನಿಮಗೊಬ್ಬರಿಗೆ ಹೇಳಿದ್ದು."

"ನನ್ನಿಂದ ಹೊರಗೆ ಹೋಗುವುದಿಲ್ಲ," ಎಂದೆ. ಧೈರ್ಯ ಹೇಳಿದೆ. ದೇವರಿಗೊಂದು ಹೂವಿನ ಪೂಜೆ ಹೇಳಿಕೊಳ್ಳಿ ಎಂದೂ ಹೇಳಿದೆ. ಆದರೆ ಮೆಟ್ಟಿಲಿಳಿಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಧೈರ್ಯವೂ ಅಲ್ಲ, ಪ್ರೀತಿಯೂ ಅಲ್ಲ. ಇನ್ನು ನಾನೊಬ್ಬಳೇ ತೋರದವಳು ಎಂಬ ಸಿಟ್ಟು. ಜೊತೆಗೆ ನಡೆಯುತ್ತಿದ್ದವರು ಹೇಳದೆ ಬಸ್ಸು ಹತ್ತಿದ ಹಾಗೆ ಆಗಿತ್ತು. ಅವರಾದರೋ ಹೇಳಿಯೇ ಹತ್ತಿದ್ದರು.

ಆಪರೇಶನ್ ಚೆನ್ನಾಗಿಯೇ ಆಯಿತು. ತಿಂಗಳೊಪ್ಪತ್ತಿನಲ್ಲಿ ಅಂಗಡಿಗೆ ಬಂದರು. ಅಲ್ಲಿಂದ ಮುಂದೆ ಅವರು ಬದುಕಿದ ಬದುಕನ್ನು ಹತ್ತಿರದಿಂದ ನೋಡಿದವಳು ನಾನು. ಜನ ನೋಡಿದ್ದು ಅವರ ಸೊಂಟ ಇಳಿದದ್ದನ್ನು ಮಾತ್ರ.

ಒಂದು ಸ್ಟೀಲಿನ ಬಟ್ಟಲು, ಮಕ್ಕಳಿಗೆ ಅನ್ನ ತಿನ್ನಿಸುವಷ್ಟು ದೊಡ್ಡದು. ಅದರಲ್ಲಿ ಎರಡು ಚಮಚ ಬೇಯಿಸಿದ ಹೆಸರುಕಾಳು, ಅರ್ಧ ಮೊಟ್ಟೆ. ಅದನ್ನು ಅರ್ಧ ಗಂಟೆ ಅಗಿಯಬೇಕು. ಸಿಹಿ ಮುಟ್ಟುವ ಹಾಗಿಲ್ಲ, ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ಆಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು, ಬಾಯಾರಿತೆಂದು ಒಂದು ಲೋಟ ಎತ್ತಿ ಕುಡಿದರೆ ಎದೆಯಲ್ಲಿ ಕಲ್ಲು ನಿಂತ ಹಾಗೆ. ದಿನಕ್ಕೆ ಆರು ಗುಳಿಗೆ, ಜೀವನಪರ್ಯಂತ. ಗುಳಿಗೆಗಳನ್ನು ಹುಕ್ಸಿನ ಡಬ್ಬದಲ್ಲಿ, ಹುಕ್ಸುಗಳ ಕೆಳಗೆ ಇಟ್ಟಿದ್ದರು, ಗಿರಾಕಿಗಳಿಗೆ ಕಾಣಬಾರದೆಂದು. ಒಮ್ಮೆ ಗಿರಾಕಿಯೊಬ್ಬರು ಮಗಳ ಸೀಮಂತದ ಪಾಯಸ ತಂದು, "ಒಂದು ಚಮಚ ಆದ್ರೂ ಕುಡೀಲೇಬೇಕು" ಎಂದು ಎದುರೇ ನಿಂತರು. ಇವರು ಕುಡಿದರು. ಆ ಹೆಂಗಸು ಮೆಟ್ಟಿಲಿಳಿಯುವಷ್ಟರಲ್ಲಿ ಇವರ ಮೈಯೆಲ್ಲ ಬೆವತು, ಕತ್ತರಿಸುವ ಮೇಜಿನ ಮೇಲೆಯೇ ಮಲಗಿಬಿಟ್ಟರು. ನಾನು ಪೇಪರಿನಿಂದ ಗಾಳಿ ಹಾಕಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು, "ಹೊಟ್ಟೆಯನ್ನು ಚಿಕ್ಕದು ಮಾಡಿದ್ರು. ಆಸೆಯನ್ನು ಹಾಗೇ ಬಿಟ್ಟಿದ್ದಾರೆ ಮಾರಾಯ್ರೆ."

ಶನಿವಾರದ ಬನ್ಸ್ ನಿಲ್ಲಿಸೋಣ ಎಂದೆ. ಅವರು ಬಿಡಲಿಲ್ಲ. "ನೀವು ತಿನ್ನಿ. ನಾನು ನೋಡ್ತೇನೆ. ಹೇಗುಂಟು ಅಂತ ಹೇಳಿ, ಸಾಕು." ನಾನು ತಿನ್ನುತ್ತಾ ಹೇಳಬೇಕು, ಮೇಲೆ ಗರಿಗರಿ ಇದೆಯೇ, ಜೀರಿಗೆ ಸಿಗುತ್ತದೆಯೇ ಎಂದು. ಆ ತುತ್ತುಗಳು ನನಗೆ ಇಳಿಯುತ್ತಿರಲಿಲ್ಲ. ನಾಲ್ಕು ವಾರ ಹಾಗೆ ತಿಂದು, ಐದನೆಯ ಶನಿವಾರ ಕೆಲಸ ಇದೆ ಎಂದು ಸುಳ್ಳು ಹೇಳಿದೆ.

ಕೂದಲು ಉದುರಿತು. ಗಿರಾಕಿಗಳ ರೇಷ್ಮೆ ಬಟ್ಟೆಯ ಮೇಲೆ ಬೀಳಬಾರದೆಂದು ತಲೆಗೆ ವೇಲು ಬಿಗಿದುಕೊಂಡು ಹೊಲಿಯುತ್ತಿದ್ದರು. ಮೇ ತಿಂಗಳ ಸೆಕೆಯಲ್ಲೂ ಚಳಿ ಎಂದು ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ತೋಳಿನ ಚರ್ಮ ಜೋತುಬಿತ್ತು. ಅದನ್ನು ಎತ್ತಿ ತೋರಿಸಿ ನಗುತ್ತಿದ್ದರು: "ದೇವರು ನನಗೂ ಒಳಗೆ ಬಟ್ಟೆ ಬಿಟ್ಟಿದ್ದ ನೋಡಿ." ಆದರೆ ತಮ್ಮ ಹಳೆಯ ರವಿಕೆಗಳನ್ನು ಅವರು ಕತ್ತರಿಸಲಿಲ್ಲ. ಪ್ರತಿ ತಿಂಗಳೂ ಇನ್ನೊಂದು ಹೊಲಿಗೆ ಒಳಕ್ಕೆ ಹಾಕಿ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು, ಉಳಿದ ಬಟ್ಟೆಯೆಲ್ಲ ಕಂಕುಳಲ್ಲಿ ಮುದ್ದೆಯಾಗಿ ಚರ್ಮ ಕೆಂಪಾಗುತ್ತಿತ್ತು.

"ಕತ್ತರಿಸಿಬಿಡಿ ಅಕ್ಕ. ಟೈಲರಾಗಿ ಹೀಗಾ?"

"ಕತ್ತರಿಸಿದ್ರೆ ಮತ್ತೆ ಬೇಕಾದಾಗ ಎಲ್ಲಿಂದ ತರುದು?"

"ಮತ್ತೆ ಯಾಕೆ ಬೇಕು?"

ಸ್ವಲ್ಪ ಹೊತ್ತು ಮೆಷಿನ್ ತುಳಿದರು. "ಇದು ನಾನು ಅಂತ ನನಗೇ ಅನಿಸುದಿಲ್ಲ. ಯಾರದ್ದೋ ಮೈಯಲ್ಲಿ ಬಾಡಿಗೆಗೆ ಇದ್ದ ಹಾಗೆ ಆಗ್ತದೆ. ಅವರು ಬಂದು ಬಿಡಿ ಅಂದ್ರೆ ಬಿಡ್ಬೇಕಲ್ಲ."

ಬಸ್ಸಿನ ವಿಷಯದಲ್ಲಿ ಮಾತ್ರ ಅವರಿಗೆ ನಿಜವಾದ ಕೋಪವಿತ್ತು. ಮೊದಲು ಅವರು ಕುಳಿತ ಸೀಟಿನಲ್ಲಿ ಬೇರೆ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ, ಜನ ನಿಂತೇ ಹೋಗುತ್ತಿದ್ದರು. ಈಗ ಜನ ಪಕ್ಕದಲ್ಲಿ ಕುಳಿತು ಯಾವ ಊರು, ಎಷ್ಟು ಮಕ್ಕಳು ಎಂದು ಮಾತಾಡಿಸುತ್ತಿದ್ದರು. ಅವರು ಓಡಿ ಬರುವುದನ್ನು ಕಂಡರೆ ಕಂಡಕ್ಟರ್ ಬಸ್ಸು ನಿಲ್ಲಿಸುತ್ತಿದ್ದ. "ಖುಷಿ ಆಗ್ಬೇಕಲ್ಲ? ನನಗೆ ಸಿಟ್ಟು ಬರ್ತದೆ. ಮೊದಲು ಓಡ್ಲಿಕ್ಕೆ ಆಗದೆ ಇದ್ದಾಗ ಅಲ್ವಾ ನಿಲ್ಲಿಸ್ಬೇಕಾದ್ದು?"

ಗಂಡ ರಜೆಯಲ್ಲಿ ಬಂದಾಗ ಅವರು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಆತ ಟ್ರಾಲಿ ದೂಡಿಕೊಂಡು ಬಂದು ಇವರ ಪಕ್ಕದಿಂದಲೇ ದಾಟಿ ಹೋದರಂತೆ, ಮಗಳು "ಅಪ್ಪಾ" ಎಂದ ಮೇಲೆ ತಿರುಗಿದರಂತೆ. ಫೋನಿನ ವಿಡಿಯೊದಲ್ಲಿ ದಿನಾ ನೋಡುತ್ತಿದ್ದವರು. ಇದನ್ನು ಅಕ್ಕ ನನಗೆ ತಮಾಷೆಯಾಗಿಯೇ ಹೇಳಲು ಶುರುಮಾಡಿದರು. ಅರ್ಧದಲ್ಲಿ ನಗು ನಿಂತಿತು. "ಪಾಪ, ಅವರು ಹುಡುಕ್ತಿದ್ದದ್ದು ನನ್ನನ್ನೇ," ಎಂದರು.

ಇದರ ನಡುವೆ ಅವರ ಗಿರಾಕಿಗಳು ಕಡಿಮೆಯಾದರು. ಹೊಲಿಗೆ ಕೆಟ್ಟದ್ದಲ್ಲ. "ಈಗ ಅವರ ಹತ್ರ ಅಳತೆ ಕೊಡ್ಲಿಕ್ಕೆ ನಾಚಿಕೆ ಆಗ್ತದೆ" ಎಂದು ನಮ್ಮ ತೋರದವರೇ ಒಬ್ಬರು ನನ್ನಲ್ಲಿ ಹೇಳಿದರು. ನಾನು ತಲೆಯಾಡಿಸಿದೆ. ಅಕ್ಕನಿಗೆ ಇದು ಗೊತ್ತಿತ್ತು, ಅದಕ್ಕಾಗಿ ಒಳಗೊಳಗೇ ನೊಂದರು. ಮೊದಲಿನವರು ಬಿಟ್ಟರು, ಹೊಸ ಮೈ ಬಂದರೂ ಸಪೂರದವರ ಸಾಲಿಗೆ ಇವರು ಸೇರಲಿಲ್ಲ. ಆಗ ಅವರಿಗೆ ಉಳಿದವಳು ಹೆಚ್ಚುಕಡಿಮೆ ನಾನೊಬ್ಬಳೇ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ಬಂಟ್ವಾಳದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ನಮ್ಮ ಕಡೆ ಯಾರನ್ನು ಕಂಡರೂ ಮೊದಲ ಮಾತೇ ತೋರ ಆದ್ಯಲ್ಲ, ಸಪೂರ ಆದ್ಯಲ್ಲ ಎಂಬುದು. ಆಮೇಲೆಯೇ ಯಾವಾಗ ಬಂದಿ ಎಂಬ ಪ್ರಶ್ನೆ. ಬೆಳಿಗ್ಗೆಯಿಂದ ಹತ್ತು ಜನ ನನ್ನ ತೋರದ ಬಗ್ಗೆ ಹೇಳಿದ್ದರು. ಊಟಕ್ಕೆ ಕುಳಿತಾಗ ಪಕ್ಕದಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ. ಅವರ ಮಗಳನ್ನು ಮೂಡುಬಿದಿರೆಗೇ ಕೊಟ್ಟದ್ದು, ಹಾಗಾಗಿ ಈ ಟೈಲರ್ ಅಕ್ಕನನ್ನು ಬಲ್ಲವರು. ನನ್ನ ಎಲೆಗೆ ಎರಡನೇ ಸಲ ಹೋಳಿಗೆ ಬಿದ್ದದ್ದನ್ನು ನೋಡಿ ಸಾಲಿಗೆಲ್ಲ ಕೇಳುವಂತೆ ಹೇಳಿದರು.

"ನಿನ್ನ ಆ ಟೈಲರನ್ನು ನೋಡಿ ಆದ್ರೂ ಕಲಿ. ಬಾಯಿ ಕಟ್ಟಿ, ವಾಕಿಂಗ್ ಮಾಡಿ, ಹೇಗೆ ಸಪೂರ ಆಗಿದ್ದಾರೆ. ಮನಸ್ಸು ಮಾಡಿದ್ರೆ ಎಲ್ಲ ಆಗ್ತದೆ."

"ವಾಕಿಂಗೂ ಇಲ್ಲ, ಎಂಥದ್ದೂ ಇಲ್ಲ," ಎಂದೆ. "ಹೊಟ್ಟೆ ಕೊಯ್ಸಿಕೊಂಡದ್ದು. ಗರ್ಭಕೋಶದ್ದು ಅಂತ ಸುಳ್ಳು ಹೇಳಿದ್ದು."

ಅಷ್ಟೇ ಮಾತು. ಹೇಳುವಾಗ ಬಾಯಿಗೆ ರುಚಿಯಾಗಿಯೇ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಸಾಲಿನಲ್ಲಿ ಏಳೆಂಟು ತಲೆಗಳು ನನ್ನ ಕಡೆ ಬಗ್ಗಿದವು. ಅಂದು ಒಂದು ದಿನವಾದರೂ ಜನ ನನ್ನ ಮೈ ಬಿಟ್ಟು ಬೇರೆಯವರ ಮೈಯ ವಿಷಯ ಮಾತಾಡಿದರು. ಯಾರ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳದವರ ಗುಟ್ಟನ್ನು ನಾನು ಒಂದು ಹೋಳಿಗೆಗೆ ಮಾರಿದೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಒಂದು ಗಂಟೆಯ ದಾರಿ. ಮಾತು ನನಗಿಂತ ಮೊದಲು ತಲುಪಿತ್ತು. ಆ ವಾರವೇ ಹೆಂಗಸರು ಅಂಗಡಿಗೆ ಬರತೊಡಗಿದರಂತೆ, ಹೊಲಿಸಲಿಕ್ಕಲ್ಲ, ನೋಡಲಿಕ್ಕೆ. ಒಬ್ಬಾಕೆ "ಎಲ್ಲಿ ಕೊಯ್ದದ್ದು ತೋರಿಸಿ ನೋಡುವ" ಎಂದು ಸೆರಗಿಗೆ ಕೈಹಾಕಿದಳಂತೆ. ಇನ್ನೊಬ್ಬಾಕೆ, "ನಾವೆಲ್ಲ ಉಪವಾಸ ಮಾಡಿ ಸಾಯುದು, ನಿಮಗೆ ಸುಲಭ ಆಯ್ತು" ಎಂದಳಂತೆ. ಸುಲಭ ಎಂಬ ಆ ಶಬ್ದ ಅವರನ್ನು ತುಂಬ ಸುಟ್ಟಿತು ಎಂದು ಮಗಳು ಆಮೇಲೆ ಹೇಳಿದಳು.

ನಾನು ಹೊಲಿಯಲು ಕೊಟ್ಟ ರವಿಕೆಯೊಂದು ಅವರಲ್ಲಿತ್ತು. ಹದಿನೈದು ದಿನ ಕಳೆದು ಹೋದೆ. ಬೈಯುತ್ತಾರೆ, ಆಗ ಕಾಲು ಹಿಡಿಯುವ ಎಂದುಕೊಂಡು ಮೆಟ್ಟಿಲು ಹತ್ತಿದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಅವರಿಗೆ ಗೊತ್ತಿತ್ತು. ಹೇಳಿದ್ದು ಒಬ್ಬಳಿಗೆ, ಹಾಗಾಗಿ ಹುಡುಕುವ ಕೆಲಸವಿರಲಿಲ್ಲ.

"ನಿಮ್ಮ ಬ್ಲೌಸ್ ರೆಡಿ ಉಂಟು. ಹಾಕಿ ನೋಡಿ," ಎಂದರು.

ಪರದೆಯ ಒಳಗೆ ಹಾಕಿ ನೋಡಿದೆ. ಸರಿಯಾಗಿ ಕೂತಿತ್ತು. ಹೊರಗೆ ಬಂದು ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು "ಕೈ ಎತ್ತಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗ್ತದೆ ಎಂದೆ. ಅಲ್ಲಿಗೆ ಮಾತು ಮುಗಿಯಿತು. ಅವರು ಬೈದಿದ್ದರೆ ಕ್ಷಮೆ ಕೇಳುತ್ತಿದ್ದೆ. ಬೈಯದವರಲ್ಲಿ ಹೇಗೆ ಕೇಳುವುದೆಂದು ನನಗೆ ತಿಳಿಯಲಿಲ್ಲ, ಅಥವಾ ತಿಳಿಯಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಮೂರು ತಿಂಗಳಲ್ಲಿ ಅಂಗಡಿ ಖಾಲಿ ಮಾಡಿ ತವರಾದ ಮುಂಡಾಜೆಗೆ ಹೋದರು. ಮಗಳು ಉಜಿರೆಯಲ್ಲಿ ಡಿಗ್ರಿಗೆ ಸೇರಿದ್ದಾಳೆ, ಅಲ್ಲಿಂದ ಕಾಲೇಜಿಗೆ ಹತ್ತಿರ ಆಗ್ತದೆ ಎಂದರು. ಎಲ್ಲರಿಗೂ ಹಾಗೆಯೇ ಹೇಳಿದರು. ಅಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಇನ್ನು ಈ ಜನ್ಮದಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂದು ಮಗಳಿಂದಲೂ ಮಾತು ತೆಗೆದುಕೊಂಡಿದ್ದರು. ಮಂಗಳೂರಿನ ಡಾಕ್ಟರ ಹತ್ತಿರ ವರ್ಷಕ್ಕೆರಡು ಸಲ ತೋರಿಸಬೇಕಿತ್ತು, ಅದನ್ನೂ ನಿಲ್ಲಿಸಿದರು.

ಹೊರಡುವ ದಿನ "ಬರ್ತಾ ಇರಿ" ಎಂದಿದ್ದರು. ನಾನು ಹೋಗಲಿಲ್ಲ. ಮುಂಡಾಜೆ ಏನು ಮಸ್ಕತ್ತಲ್ಲ, ಎರಡು ಬಸ್ಸಿನ ದಾರಿ. ಫೋನು ಅವರೇ ಮಾಡುತ್ತಿದ್ದರು, ಹಬ್ಬಕ್ಕೊಮ್ಮೆ. ಕೊನೆಯ ಸಲ ಮಾಡಿದಾಗ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ, ನಾನು ಪುಸ್ತಕಗಳ ಕಪಾಟಿನ ಸಂದಿಯಲ್ಲಿ ನಿಂತು ಮಾತಾಡಿದೆ.

"ಊಟ ಆಯ್ತಾ? ಎಂತ ಉಂಡ್ರಿ?" ಎಂದು ಮೊದಲಿನ ಹಾಗೆಯೇ ಕೇಳಿದರು. ಹೇಳಿದೆ. ಆಮೇಲೆ, "ಹೊಟ್ಟೆ ನೋವು ಬರ್ತದೆ ಮಾರಾಯ್ರೆ. ಉಂಡ ಮೇಲೆ ಮುರಿದ ಹಾಗೆ ಬಂದು, ತನ್ನಷ್ಟಕ್ಕೆ ಹೋಗ್ತದೆ."

"ಗ್ಯಾಸ್ ಇರಬೇಕು. ಡಾಕ್ಟರಿಗೆ ತೋರಿಸಿ ಅಕ್ಕ."

"ತೋರಿಸಿದ್ರೆ ಮತ್ತೆ ಎಲ್ಲ ಹೇಳ್ಬೇಕಲ್ಲ. ಬೇಡ. ಒಮ್ಮೆ ಹೇಳಿ ಸಾಕಾಗಿದೆ."

ಆ ಮಾತು ನನಗೆ ತಾಗಿತು. ತಾಗಿದ್ದಕ್ಕೇ ವಿಷಯ ಬದಲಿಸಿದೆ. ಮಗಳ ಓದು ಹೇಗಿದೆ ಎಂದು ಕೇಳಿದೆ. ಒಳ್ಳೆದುಂಟು ಎಂದರು. ತಪ್ಪಾಯಿತು ಅಕ್ಕ, ನನ್ನಿಂದಾಗಿ ನೀವು ಡಾಕ್ಟರಿಗೆ ಹೇಳದೆ ಕೂರಬೇಡಿ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ನನ್ನ ಕೈಯಲ್ಲಿತ್ತು.

ಎರಡು ತಿಂಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು.

ಹದಿಮೂರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹೋದೆ. ನಮ್ಮಲ್ಲಿ ಸತ್ತವರ ಇಷ್ಟದ ಅಡುಗೆಯನ್ನೆಲ್ಲ ಮಾಡಿ ಅಂದು ಅವರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ದೊಡ್ಡ ಎಲೆ ಹಾಸಿ, ಅದರ ತುಂಬ ಬನ್ಸ್, ಕೋಳಿಸಾರು, ರೊಟ್ಟಿ, ಕಡಲೆಬೇಳೆ ಪಾಯಸ ಇಟ್ಟಿದ್ದರು. ಎರಡು ಚಮಚ ಉಣ್ಣಲು ಕಷ್ಟಪಟ್ಟವರಿಗೆ ಅಷ್ಟು ದೊಡ್ಡ ಎಲೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಿಲಿಗೆ ಬಂದರೆ ಮಗಳು ಕೈತೊಳೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ನನ್ನನ್ನು ಕಂಡು, ಯಾರಿಗಾದರೂ ಹೇಳಲು ಕಾದಿದ್ದವಳ ಹಾಗೆ, ಒಂದೇ ಉಸಿರಿಗೆ ಹೇಳಿದಳು.

ನೋವು ತಡೆಯದಾದಾಗ ಅಮ್ಮನನ್ನು ಬೆಳ್ತಂಗಡಿಗೆ ಕರೆದುಕೊಂಡು ಹೋದದ್ದು ಅವಳೇ. ಡಾಕ್ಟರು ಮೊದಲು ಏನಾದರೂ ಆಪರೇಶನ್ ಆಗಿದೆಯಾ ಎಂದು ಕೇಳಿದರು. ಅಮ್ಮ, ನೆರೆಕರೆಗೆ ಹೇಳುವ ಅದೇ ಉತ್ತರವನ್ನು ಡಾಕ್ಟರಿಗೂ ಹೇಳಿದರು, ಗರ್ಭಕೋಶದ್ದು ಎಂದು. ಹೊಟ್ಟೆಯ ಮೇಲಿನ ಸಣ್ಣ ಗುರುತುಗಳನ್ನು ನೋಡಿ ಅವರು ಅದನ್ನೇ ನಂಬಿದರು. ನಂಬದೆ ಇರಲು ಅವರಿಗೆ ಕಾರಣವೇನೂ ಇರಲಿಲ್ಲ. ಗ್ಯಾಸ್ಟ್ರಿಕ್ಕಿಗೆ ಔಷಧಿ ಬರೆದು, ಹೆಚ್ಚಾದರೆ ಬನ್ನಿ ಎಂದರು. ಮೂರನೆಯ ದಿನ ಮಂಗಳೂರಿಗೆ ಒಯ್ಯುವಷ್ಟರಲ್ಲಿ ಒಳಗೆ ಕರುಳು ತಿರುಚಿ ಕಪ್ಪಾಗಿತ್ತು. ಅಲ್ಲಿನ ಡಾಕ್ಟರು, ಇಂಥ ಆಪರೇಶನ್ ಆದವರಿಗೆ ಹೀಗಾಗುವುದುಂಟು, ಮೊದಲೇ ಹೇಳಿದ್ದರೆ ಆ ದಿನವೇ ಇಲ್ಲಿಗೆ ಕಳುಹಿಸುತ್ತಿದ್ದರು ಎಂದರಂತೆ.

"ಅಮ್ಮ ಸುಳ್ಳು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ ಆಂಟಿ. ನನಗೆ ಗೊತ್ತಿತ್ತು. ಹೇಳ್ಬೇಡ ಅಂತ ಕೈ ಹಿಂಡಿದ್ರು, ನಾನು ಹೇಳ್ಲಿಲ್ಲ. ನಾನು ಹೇಳಿದ್ರೆ ಅಮ್ಮ ಇರ್ತಿದ್ರು."

ಅವಳಿಗೆ ಇಪ್ಪತ್ತು ವರ್ಷ. "ನಿನ್ನ ತಪ್ಪಲ್ಲ ಮಗಾ," ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಅಷ್ಟರಲ್ಲಿ ಊಟಕ್ಕೆ ಕರೆದರು, ಹೋಗಿ ಉಂಡೆ.

ಆಮೇಲಿನ ವರ್ಷವೆಲ್ಲ ಅವಳು ಆಗಾಗ ಫೋನು ಮಾಡುತ್ತಿದ್ದಳು. ಅಮ್ಮನ ಹತ್ತಿರದವರು ಎಂದು ಅವಳಿಗೆ ಗೊತ್ತಿದ್ದವಳು ನಾನು. ಪ್ರತಿ ಸಲವೂ ತಿರುಗಿ ಅದೇ ಮಾತಿಗೆ ಬರುತ್ತಿದ್ದಳು, ನಾನು ಹೇಳ್ಬೇಕಿತ್ತು ಆಂಟಿ, ನಾನು ಹೇಳ್ಬೇಕಿತ್ತು. ಓದಲು ಆಗುವುದಿಲ್ಲ, ಎರಡು ಪೇಪರು ಬಿಟ್ಟಿದ್ದೇನೆ ಎಂದಳು ಒಮ್ಮೆ. ಆ ಹೊರೆ ಅವಳದ್ದಲ್ಲ, ನನ್ನದು. ನನ್ನ ಹೊರೆಯನ್ನು ಅವಳ ತಲೆಯ ಮೇಲಿಟ್ಟು ಸಮಾಧಾನ ಹೇಳುತ್ತಿದ್ದೆ.

ಕಳೆದ ಭಾನುವಾರ ಉಜಿರೆಗೆ ಹೋದೆ. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಆ ಶನಿವಾರ ಅವಳ ಅಮ್ಮ ಹೇಳಿದ್ದು, ನಾನು ಮಾತು ಕೊಟ್ಟದ್ದು, ಬಂಟ್ವಾಳದ ಊಟದ ಸಾಲು, ಕೊನೆಯ ಫೋನು. ಧರ್ಮಸ್ಥಳದ ಬಸ್ಸುಗಳು ಬಂದು ಹೋಗುತ್ತಿದ್ದವು. ಅವಳು ನೆಲವನ್ನೇ ನೋಡುತ್ತಾ ಕೇಳಿದಳು. ಮುಗಿದ ಮೇಲೆ ತಲೆಯೆತ್ತಿದಳು.

"ನೀವು ಹೊರಗೆ ಹೇಳದಿದ್ರೆ ಅಮ್ಮ ಡಾಕ್ಟರಿಗೆ ನಿಜ ಹೇಳ್ತಿದ್ರಾ?"

ತಪ್ಪಿಸಿಕೊಳ್ಳಲು ಅಲ್ಲಿಯೂ ಒಂದು ದಾರಿ ಇತ್ತು. ಯಾರು ಬಲ್ಲರು, ಹಣೆಬರಹ ಎನ್ನಬಹುದಿತ್ತು. "ಹೇಳುತ್ತಿದ್ದರು ಮಗಾ," ಎಂದೆ. "ನಂಬಿದವರಿಗೆ ಹೇಳುತ್ತಿದ್ದರು. ನನಗೆ ಹೇಳಿರಲಿಲ್ಲವಾ?"

"ಹಾಗಾದ್ರೆ ನನ್ನಿಂದ ಅಲ್ಲ," ಎಂದಳು.

"ನಿನ್ನಿಂದ ಅಲ್ಲ."

ಅವಳು ಅತ್ತಳು. ಅಷ್ಟು ಜನರ ನಡುವೆ, ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಗುವಿನ ಹಾಗೆ ಅತ್ತಳು. ಅಮ್ಮ ಹೋದಾಗಲೂ ಅವಳಿಗೆ ಅಳು ಬಂದಿರಲಿಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು. ಬೆನ್ನ ಮೇಲೆ ಕೈಯಿಡಲು ಹೋದೆ. ಅವಳು ಪಕ್ಕಕ್ಕೆ ಸರಿದಳು. ಮುಂಡಾಜೆಯ ಕಡೆಯ ಬಸ್ಸು ಬಂದಾಗ ಎದ್ದು, ನನ್ನ ಕಡೆ ನೋಡದೆ, ಹತ್ತಿ ಹೋದಳು.

ಅವಳ ಫೋನು ಬಂದಿಲ್ಲ. ನಾನು ಮಾಡುವುದೂ ಇಲ್ಲ. ಬಿಟ್ಟ ಎರಡು ಪೇಪರುಗಳಿಗೆ ಪರೀಕ್ಷೆ ಶುಲ್ಕ ಕಟ್ಟಿದ್ದಾಳೆಂದು ಉಜಿರೆಯ ಕಾಲೇಜಿನಲ್ಲಿರುವ ಪರಿಚಯದವರಿಂದ ನಿನ್ನೆ ತಿಳಿಯಿತು.